ಕಂಬಳಿ ಹೊದ್ದ ಕೊಂಬೆ

ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪು ಬೆಳೆಯುವವರ ಹೆಬ್ಬೆರಳು ನೋಡಿದರೇ ಕಸುಬು ಗೊತ್ತಾಗುತ್ತದೆ. ಉಗುರಿನ ಸುತ್ತ ಅಂಟು ಕಪ್ಪಗೆ ಕೂತಿರುತ್ತದೆ. ಗಿಡ ಹೂವಿಗೆ ಬರುತ್ತಿದ್ದಂತೆ ತುದಿ ಚಿವುಟಬೇಕು. ಆಮೇಲೆ ಎಲೆಯ ಕಂಕುಳಲ್ಲಿ ಮತ್ತೆ ಮತ್ತೆ ಹುಟ್ಟುವ ಗಿಡ್ಡ ಕುಡಿಗಳನ್ನು ಮುರಿಯುತ್ತಲೇ ಇರಬೇಕು. ಬಿಟ್ಟರೆ ಸೊಪ್ಪಿನ ಸತ್ವವನ್ನೆಲ್ಲ ಅವೇ ತಿಂದುಬಿಡುತ್ತವೆ. ಈ ಕೆಲಸದಲ್ಲಿ ನಮ್ಮೂರಲ್ಲಿ ನನ್ನನ್ನು ಹಿಂದೆ ಹಾಕಿದವರಿಲ್ಲ. ಹಾಗಂತ ಊರಿಗೆಲ್ಲ ಹೇಳಿಕೊಂಡು ತಿರುಗಿದವನೂ ನಾನೇ.

ಹೆಂಡತಿ ಹುಣಸೂರಿನ ನರ್ಸರಿಯಿಂದ ಸೇಬಿನ ಸಸಿ ತಂದಾಗ ನಾನು ನಕ್ಕಿದ್ದೆ. ಬಿಸಿಲಿಗೂ ಬರುವ ಜಾತಿಯಂತೆ. ಪ್ರತಿ ಚಳಿಗಾಲದಲ್ಲೂ ಎಲೆ ಪೂರ್ತಿ ಕಿತ್ತು, ಕೊಂಬೆ ಸವರಬೇಕು ಅಂತ ನರ್ಸರಿಯವನು ಹೇಳಿ ಕಳಿಸಿದ್ದ. ಹಿತ್ತಲಿನ ಒಗೆಯುವ ಕಲ್ಲಿನ ಪಕ್ಕ ಅವಳೇ ಗುಂಡಿ ತೆಗೆದು ನೆಟ್ಟಳು. ಸವರುವ ಕೆಲಸ ಮಾತ್ರ ನಾನು ಯಾರಿಗೂ ಬಿಡಲಿಲ್ಲ. ನಮ್ಮ ಹಿತ್ತಲಿನ ಸೀಬೆಯನ್ನು ಹೇಗೆ ಕತ್ತರಿಸಿದರೂ ಬುಟ್ಟಿಗಟ್ಟಲೆ ಬಿಡುತ್ತಿತ್ತು. ಅದು ನನ್ನ ಕೈಗುಣ ಅಂದುಕೊಂಡಿದ್ದೆ.

ಡಿಸೆಂಬರ್ ಬಂತೆಂದರೆ ಸೇಬಿನ ಎಲೆಗಳನ್ನು ಸೊಪ್ಪು ಬಿಡಿಸುವ ಹಾಗೇ ಕೆಳಗಿನಿಂದ ಬಿಡಿಸುತ್ತಿದ್ದೆ. ಉದ್ದ ಕೊಂಬೆಗಳ ತುದಿ ಕತ್ತರಿಸಿ, ಗೆಣ್ಣುಗಳಲ್ಲಿ ಅಂಟಿಕೊಂಡ ಚೋಟುದ್ದದ ಗಂಟುಗಂಟು ಕುಡಿಗಳನ್ನೆಲ್ಲ ಒಂದೂ ಉಳಿಸದೆ ಮುರಿದು ಹಾಕುತ್ತಿದ್ದೆ. ಮರ ಬೋಳಾಗಿ, ಲಕ್ಷಣವಾಗಿ ಕಾಣುತ್ತಿತ್ತು. ವರ್ಷಗಳು ಕಳೆದವು, ಹೂವಿನ ಸುಳಿವಿಲ್ಲ.

ಹೋದ ಚಳಿಗಾಲ ನನಗೆ ರೇಗಿಹೋಯಿತು. "ಗೊಡ್ಡು ಮರ ಕಣೇ ಇದು. ಕಡಿದು ಹಾಕ್ತೀನಿ, ಟ್ರ್ಯಾಕ್ಟರ್ ನಿಲ್ಸೋಕೆ ಜಾಗ ಆಯ್ತದೆ" ಅಂದೆ.

ಅವಳು ಒಗೆಯುವುದನ್ನು ನಿಲ್ಲಿಸಿದಳು. "ಇದೊಂದ್ ವರ್ಸ ಬುಡಿ. ಬಿಡ್ನಿಲ್ಲ ಅಂದ್ರೆ ನಾನೇ ಮಚ್ಚು ತಂದ್ಕೊಡ್ತೀನಿ."

ಒಪ್ಪಿದೆ. ಮಾರನೆಯ ದಿನ ಸವರಲು ಹೋದರೆ ಮರದ ಹಿಂಬದಿಯ ಒಂದು ಕೊಂಬೆಯ ಮೇಲೆ ಒದ್ದೆ ಕಂಬಳಿ ಹರಡಿತ್ತು. "ಅದ ಮುಟ್ಬೇಡಿ, ಈಗ್ತಾನೆ ಒಗ್ದಿವ್ನಿ" ಅಂದಳು. ಉಳಿದ ಕೊಂಬೆಗಳನ್ನು ಮುಗಿಸಿ, ಅದನ್ನು ನಾಳೆ ನೋಡಿಕೊಂಡರಾಯಿತು ಅಂತ ಬಂದೆ. ಮಾರನೆಯ ದಿನದಿಂದ ಸೊಪ್ಪಿನ ಹರಾಜಿನ ಓಡಾಟ ಹಿಡಿಯಿತು. ಕೊಂಬೆ ನೆನಪಿಗೇ ಬರಲಿಲ್ಲ.

ಫೆಬ್ರವರಿಯಲ್ಲಿ ಒಂದು ಬೆಳಿಗ್ಗೆ ಮುಖ ತೊಳೆಯಲು ಹಿತ್ತಲಿಗೆ ಹೋದವನು ಹಾಗೇ ನಿಂತೆ. ನಾನು ಕೈಹಾಕದ ಆ ಕೊಂಬೆಯೊಂದರಲ್ಲೇ ಹೂ. ತುದಿಯಲ್ಲಲ್ಲ, ನಾನು ವರ್ಷವರ್ಷವೂ ಮುರಿದು ಎಸೆದಂಥ ಗಿಡ್ಡ ಗಂಟುಗಳ ಮೇಲೆ, ಗೊಂಚಲು ಗೊಂಚಲಾಗಿ. ಹೊಗೆಸೊಪ್ಪಿನ ಸತ್ವ ಕದಿಯುವ ಗಿಡ್ಡ ಕುಡಿಯೇ ಸೇಬಿಗೆ ಬಸಿರು ಅನ್ನುವುದು ನನ್ನ ಹೆಬ್ಬೆರಳಿಗೆ ಹೊಳೆದೇ ಇರಲಿಲ್ಲ. ನಾಚಿಕೆಯಾಯಿತು. ಗೊಡ್ಡು ಅಂದಿದ್ದೆನಲ್ಲ, ಅದಕ್ಕಂತೂ ಇನ್ನೂ ಹೆಚ್ಚು ನಾಚಿಕೆಯಾಯಿತು.

ಹಿಂದೆ ಬಂದು ನಿಂತವಳನ್ನು ಕೇಳಿದೆ: "ಕಂಬಳಿ ಬೇಕಂತ್ಲೇ ಹಾಕಿದ್ಯಾ?"

"ಆಚೆ ವರ್ಸ ನೀವು ಮುರ್ದಾಕಿದ್ನ ಗುಡಿಸ್ತಿದ್ನಲ್ಲ, ಒಂದು ಗಂಟಿನ ತುದೀಲಿ ಕೆಂಪು ಮೊಗ್ಗಿತ್ತು."

"ಆಗ್ಲೇ ಯೋಳ್ಬಾರ್ದಿತ್ತಾ?"

"ಯೋಳಿದ್ರೆ ಕೇಳ್ತಿದ್ರಾ?"

ನಾನು ಮುಖ ತೊಳೆದುಕೊಂಡೆ. ಕೇಳುತ್ತಿರಲಿಲ್ಲ. ಅದು ಇಬ್ಬರಿಗೂ ಗೊತ್ತಿತ್ತು.

ಜೂನ್ ಹೊತ್ತಿಗೆ ಏಳು ಹಣ್ಣು ಸಿಕ್ಕವು, ಸ್ವಲ್ಪ ಹುಳಿ. ಈ ಡಿಸೆಂಬರಿನಲ್ಲೂ ಕತ್ತರಿ ನನ್ನ ಕೈಯಲ್ಲೇ ಇತ್ತು. ಅವಳು ಒಗೆಯುವ ಕಲ್ಲಿನ ಮೇಲೆ ಕೂತಿದ್ದಳು. ಒಂದೊಂದು ಕುಡಿಯನ್ನೂ ಹಿಡಿದು ತೋರಿಸಿ ಕೇಳುತ್ತಿದ್ದೆ.

"ಇದು?"

"ಬುಡಿ."

"ಇದು?"

"ಅದ್ನೂ ಬುಡಿ."



ಈ ಸಲ ಯಾವ ಕೊಂಬೆಯ ಮೇಲೂ ಕಂಬಳಿ ಇರಲಿಲ್ಲ.