ನಾನು ಬೋರ್ಡು ಹಿಡಿದ ಮೂರು ಸಾವಿರ ಮೀಟರ್

ಮಗಳ ತರಬೇತುದಾರಳಿಗೆ ಜ್ವರ ಬಂದಿದ್ದರಿಂದ ಸುತ್ತಿನ ಸಮಯ ತೋರಿಸುವ ಬೋರ್ಡು ನನ್ನ ಕೈಗೆ ಬಂತು. ಸ್ವೀಡನ್ನಿನ ಕ್ಲಬ್ಬುಗಳಲ್ಲಿ ಅಪ್ಪ ಅಮ್ಮಂದಿರು ಸುಮ್ಮನೆ ಕೂತು ನೋಡುವಂತಿಲ್ಲ; ಸಾಸೇಜ್ ಸುಡಬೇಕು, ಹಿಮ ಗುಡಿಸಬೇಕು. ಆರು ವರ್ಷ ಕಾಫಿ ಫ್ಲಾಸ್ಕು ಹೊತ್ತು ಬಡ್ತಿ ಪಡೆದವಳು ನಾನು.

ಗೋಥೆನ್‌ಬರ್ಗ್‌ನ ತೆರೆದ ಐಸ್ ಟ್ರ್ಯಾಕಿನಲ್ಲಿ ನಾಲ್ಕೈದು ದೇಶಗಳ ಹುಡುಗಿಯರು ಸೇರಿದ್ದರು. ಮೂರು ಸಾವಿರ ಮೀಟರ್ ಸ್ಕೇಟಿಂಗ್ ಎಂದರೆ ಏಳೂವರೆ ಸುತ್ತು. ಜೂನಿಯರ್ ವಿಶ್ವ ಸ್ಪರ್ಧೆಗೆ ಬೇಕಾದ ಅರ್ಹತಾ ಸಮಯ ಮುಟ್ಟಲು ನನ್ನ ಮಗಳಿಗೆ ಇದೇ ಕಡೆಯ ಅವಕಾಶ. ಮುಂದಿನ ವರ್ಷಕ್ಕೆ ಅವಳ ವಯಸ್ಸು ಮೀರುತ್ತಿತ್ತು. ಪ್ರತಿ ಸುತ್ತಿಗೂ ಸ್ಟಾಪ್‌ವಾಚ್ ಒತ್ತಿ, ಎಷ್ಟು ಸೆಕೆಂಡಾಯಿತೆಂದು ಬರೆದು ಅವಳಿಗೆ ತೋರಿಸುವುದು ನನ್ನ ಕೆಲಸ.

“ಅಮ್ಮ, ಥರ್ಟಿಸಿಕ್ಸ್ ಇದ್ರೆ ಓಕೆ. ಜಾಸ್ತಿ ಆದ್ರೆ ನಾನು ಪುಶ್ ಮಾಡ್ತೀನಿ. ಬರ್ದು ತೋರ್ಸು ಸಾಕು, ಕಿರುಚ್ಬೇಡ,” ಎಂದಿದ್ದಳು.

ನಾಲ್ಕು ಸುತ್ತು ಮೂವತ್ತಾರರಲ್ಲೇ ಬಂದಳು. ಐದನೆಯದು ಮೂವತ್ತೇಳು. ತಿರುವಿನಿಂದ ಹೊರಬಂದವಳ ಮುಖ ನೋಡಿದೆ. ಬಾಯಿ ತೆರೆದಿತ್ತು, ತುಟಿ ನೀಲಿಗಟ್ಟಿತ್ತು. ನನ್ನ ಪಿಯುಸಿ ಪರೀಕ್ಷೆಯ ವೇಳೆ ತೀರಿಕೊಂಡ ತಾತನ ಸುದ್ದಿಯನ್ನು ಮನೆಯವರು ಕೊನೆಯ ಪೇಪರ್ ಮುಗಿಯುವ ತನಕ ಮುಚ್ಚಿಟ್ಟಿದ್ದರು. ಪರೀಕ್ಷೆಗೆ ಕೂತ ಮಕ್ಕಳಿಗೆ ಕೆಟ್ಟ ಸುದ್ದಿ ಹೇಳಬಾರದು ಎಂಬುದು ನಮ್ಮ ಮನೆಯ ಕಾಯಿದೆ. ಮೂವತ್ತಾರು ಎಂದು ಬರೆದೆ. ಆರನೆಯದೂ ಮೂವತ್ತೇಳು; ಮತ್ತೆ ಮೂವತ್ತಾರೇ ಬರೆದೆ. ಅವಳು ನೋಡಿದಳು, ತಲೆಯಾಡಿಸಿದಳು, ಅದೇ ಲಯದಲ್ಲಿ ಹೋದಳು. ಎಂಥ ಜಾಣೆ ನಾನು ಎಂದು ಆ ಕ್ಷಣ ಹೆಮ್ಮೆಯೂ ಆಯಿತು, ಸುಳ್ಳೇಕೆ ಹೇಳಲಿ.

ಮುಕ್ಕಾಲು ಸೆಕೆಂಡಿನಲ್ಲಿ ತಪ್ಪಿಹೋಯಿತು.

ಉಳಿದ ಹುಡುಗಿಯರು ಗೆರೆ ದಾಟಿದವರೇ ಮೊಣಕಾಲಿಗೆ ಕೈಯೂರಿ ಏದುಸಿರು ಬಿಡುತ್ತಿದ್ದರು. ನನ್ನ ಮಗಳು ನೆಟ್ಟಗೆ ನಿಂತು ಸಮಯ ತೋರಿಸುವ ದೊಡ್ಡ ಫಲಕವನ್ನೇ ನೋಡುತ್ತಿದ್ದಳು. ಅವಳಲ್ಲಿ ಇನ್ನೂ ಉಸಿರು ಉಳಿದಿತ್ತು. ಅದನ್ನು ಕಂಡು ನನ್ನ ಜೀವವೇ ಹೋದಂತಾಯಿತು.

ಹತ್ತಿರ ಬಂದು ನನ್ನ ತಣ್ಣನೆಯ ಬೆರಳು ಹಿಡಿದುಕೊಂಡಳು. “ವಾಚ್ ಲೇಟಾಗಿ ಒತ್ತಿರ್ಬೇಕು ನೀನು. ಗ್ಲವ್ಸ್ ಹಾಕ್ಕೊಂಡು ಕಷ್ಟ ಅಲ್ವಾ. ಪರ್ವಾಗಿಲ್ಲಮ್ಮ, ಅಳ್ಬೇಡ.”

ಹೂಂ ಎಂದುಬಿಡಬಹುದಿತ್ತು. ಆಗಲಿಲ್ಲ.

“ವಾಚ್ ಸರಿಯಾಗೇ ಒತ್ತಿದ್ದೆ ಕಣೆ. ಮೂವತ್ತೇಳು ಬಂದಿತ್ತು. ನೀನು ಗಾಬರಿ ಆಗ್ತೀಯ ಅಂತ ನಾನೇ…”

ಅವಳು ಬೆರಳು ಬಿಟ್ಟಳು. ಎಂಥ ಸಿಟ್ಟು ಬಂದರೂ ನನ್ನೊಂದಿಗೆ ಕನ್ನಡದಲ್ಲೇ ಜಗಳವಾಡುವ ಹುಡುಗಿ, ಬೋರ್ಡು ಇಲ್ಲಿ ಕೊಡಿ ಎಂದು ಸ್ವೀಡಿಶ್‌ನಲ್ಲಿ ಮೆಲ್ಲಗೆ, ಬಹಳ ಮರ್ಯಾದೆಯಿಂದ ಕೇಳಿದಳು.