ಝೆಕ್ ಹಳ್ಳಿಯ ಮಾಸ್ತರರು

ಕೆರೂರಿನಲ್ಲಿ ನಮ್ಮ ಪಕ್ಕದ ಮನೆಯವರು ನಿವೃತ್ತ ಭೂಗೋಳದ ಮಾಸ್ತರರು. ಅವರಿಗೆ ಝೆಕ್ ದೇಶದ ಯಾವುದೋ ಸಣ್ಣ ಹಳ್ಳಿಯ ಹುಚ್ಚು. ಮೊಬೈಲಿನಲ್ಲಿ ಅದರ ನಕ್ಷೆಯನ್ನು ಎರಡು ಬೆರಳಿಂದ ಹಿಗ್ಗಿಸಿ, ಹೊಳೆ ಎಲ್ಲಿ ತಿರುಗುತ್ತದೆ, ಚರ್ಚು ಎಷ್ಟು ಸಲ ಸುಟ್ಟಿತು ಎಂದು ಕೈಗೆ ಸಿಕ್ಕವರಿಗೆಲ್ಲ ಪಾಠ ಮಾಡುತ್ತಿದ್ದರು. ಕೊನೆಗೆ ಒಂದೇ ಮಾತು: "ಬರದಿಟ್ಟಾರ ನೋಡ್ರಿ, ಬರದಿಟ್ಟಾರ!"

"ಸರ್, ನಮ್ಮ ಊರಿಗೆ ಇತಿಹಾಸ ಇಲ್ಲೇನ್ರಿ?" ಎಂದು ಒಮ್ಮೆ ಕೇಳಿದೆ.

"ಎಲ್ಲೀದು? ನಮ್ಮೋರು ಒಂದು ಸಾಲರ ಬರದಿಟ್ಟಾರೇನು?" ಎಂದು ಕನಿಕರದಿಂದ ನಕ್ಕರು. ಹಿತ್ತಲಲ್ಲಿ ಅವರ ಹೆಂಡತಿ ಅವರದೇ ಅಂಗಿಯನ್ನು ಒಗೆಯುವ ಕಲ್ಲಿಗೆ ಬಡಿಯುತ್ತಿದ್ದರು.

ಮುಂದಿನ ವಾರ ಬಚ್ಚಲ ಗಟಾರು ರಿಪೇರಿಗೆ ಬಂದ ಗೌಂಡಿ ಆ ಕಲ್ಲನ್ನು ಹಾರೆಯಿಂದ ಮಗುಚಿದ. ಅಡಿಮೈ ತುಂಬ ಹಳಗನ್ನಡದ ಅಕ್ಷರ, ಸಾಲು ಸಾಲಾಗಿ.

"ಸರ್, ಬರ್ರಿ, ಇಲ್ಲಿ ಏನೋ ಬರದಾರ!" ಎಂದು ಕೂಗಿದ. ನಾನೂ ಓಡಿದೆ.

ಮಾಸ್ತರರು ಬಗ್ಗಿ, ಒಂದು ಅಕ್ಷರದ ಮೇಲೆ ಎರಡು ಬೆರಳಿಟ್ಟು ಹಿಗ್ಗಿಸಲು ನೋಡಿದರು. ಕಲ್ಲು ಹಿಗ್ಗಲಿಲ್ಲ.

"ಅಕ್ಷರ ಕೆಳಗ ಮಾಡೇ ಹಾಕಪಾ," ಎಂದರು ಗೌಂಡಿಗೆ. "ಇಲ್ಲಂದ್ರ ಅಕ್ಷರದ ಸಂದಿನ್ಯಾಗ ಸಾಬೂನ ಕುಂತ ಬಿಡತೈತಿ."