ಕೋಲುಕಟ್ಟು ಹೊತ್ತ ಥಾಲಸ್

ಪುಟಿಯೋಲಿ ಪಟ್ಟಣದ ಅಧಿಕಾರಿಯ ಮುಂದೆ, ಅಧಿಕಾರದ ಗುರುತಾದ, ಕೆಂಪು ಪಟ್ಟಿ ಬಿಗಿದ ಕೋಲುಗಳ ಕಟ್ಟನ್ನು ಎಡ ಹೆಗಲಿಗೇರಿಸಿ ದಾರಿ ಬಿಡಿಸುತ್ತ ನಡೆಯುವ ಕೆಲಸ ಸಿಕ್ಕಿದ್ದೇ ತಡ, ಥಾಲಸನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಬೇರೆ ಊರಿನಲ್ಲಿ ಗುಲಾಮನಾಗಿ ಹುಟ್ಟಿ, ಬಿಡುಗಡೆ ಪಡೆದು ಬಂದವನು. ಇಲ್ಲಿ ಮಾತ್ರ ಸ್ವತಂತ್ರರ ಮಗನೆಂದು ಹೇಳಿಕೊಂಡಿದ್ದ. ಸುಳ್ಳು ಬಯಲಾದರೆ ಕೆಲಸ ಹೋದಂತೆಯೇ. ಅವನ ತಾಯಿ ಎರೋಟಿಸಳನ್ನೋ, ಇದೇ ಊರಿನ ಬಟ್ಟೆ ಒಗೆಯುವ ಮನೆಗೆ ಮಾರಿದ್ದರು. ಕೊಳೆ ಬಿಡಿಸಲು ಬಳಸುವ ಹಳಸಿದ ಉಚ್ಚೆಯ ತೊಟ್ಟಿಯೊಳಗೆ ನಿಂತು ಊರವರ ಬಟ್ಟೆ ತುಳಿಯುವುದು ಅವಳ ಪಾಡು. ಮಹರಾಯ ಯಾರ ಮುಂದೆಯೂ ಅವಳ ಹೆಸರೆತ್ತುತ್ತಿರಲಿಲ್ಲ.

ಅಂದು ಮೊದಲ ಮೆರವಣಿಗೆ. ಮರ್ಯಾದಸ್ಥ ಗೃಹಿಣಿಯರನ್ನು ದಾರಿಯಿಂದ ಸರಿಸುವಂತಿಲ್ಲ, ಅದು ಹಿಂದಿನಿಂದ ಬಂದ ಪದ್ಧತಿ. ಗುಲಾಮ ಹೆಂಗಸಿಗೆ ಆ ಗೌರವ ಎಲ್ಲಿಂದ ಬರಬೇಕು? ಮೀನಂಗಡಿಯ ತಿರುವಿನಲ್ಲಿ ಎಲ್ಲರೂ ಸರಿದರು. ಎರೋಟಿಸ್ ಮಾತ್ರ ನಡುರಸ್ತೆಯಲ್ಲಿ ನಿಂತಿದ್ದಳು. ಮಗ ಉಟ್ಟಿದ್ದ ಬಟ್ಟೆಗೆ ಗಂಧಕದ ಹೊಗೆ ಹಾಕಿ ಬೆಳ್ಳಗೆ ಮಾಡಿದವಳು ಅವಳೇ. ಅವನನ್ನು ಕಣ್ತುಂಬ ನೋಡಲು ಬಂದವಳು ಮೈಮರೆತು ನಗುತ್ತಿದ್ದಳು.

"ಥೂ, ಏನ್ ಗಬ್ಬು ನಾತನಪ್ಪ!" ಅಂದ ಜೊತೆಗಾರ ಕ್ರಿಸ್ಪಸ್. "ಏ ಥಾಲಸ್, ಸರಿಸೋ ಆ ಮುದುಕೀನ."

ಥಾಲಸನಿಗೆ ಒಂದೇ ಹೆದರಿಕೆ. ಅವಳು 'ಮಗಾ' ಅಂದುಬಿಟ್ಟರೆ? ಮೆಲ್ಲಗೆ ತೋಳು ಹಿಡಿದು ಪಕ್ಕಕ್ಕೆ ಕರೆದೊಯ್ಯಬಹುದಿತ್ತು. ಅದು ಬಿಟ್ಟು, "ಸರಿಯೇ ಆಚೆ!" ಎಂದು ಬಲಗೈಯ ಬೆತ್ತ ಬೀಸಿದ. ಏಟು ಭುಜಕ್ಕೆ ಬಿದ್ದು ಮುದುಕಿ ಕುಸಿದಳು.

ಅಧಿಕಾರಿ ನಿಂತ. "ಏನಮ್ಮ, ಇವನನ್ನೇ ದಿಟ್ಟಿಸ್ತಿದ್ದೆಯಲ್ಲ, ಗೊತ್ತೇನು ಇವನು?"

ಎರೋಟಿಸ್ ಮಗನ ಮುಖ ನೋಡಿದಳು. ಅದರಲ್ಲಿದ್ದ ಭಯ ಅವಳಿಗೆ ಅರ್ಥವಾಯಿತು.

"ಇಲ್ಲ ಒಡೆಯ. ಬಟ್ಟೆ ಬೆಳ್ಳಗಾಗಿದೆಯಾ ಅಂತ ನೋಡ್ತಿದ್ದೆ, ಅಷ್ಟೇ."

ಕ್ರಿಸ್ಪಸ್ ಕಿಸಕ್ಕನೆ ನಕ್ಕ. ಥಾಲಸನೂ ನಕ್ಕ, ಅವನ ನಗುವಿಗಿಷ್ಟು ಬೆಂಕಿ ಬೀಳ!

ಸಂಜೆಯ ಹೊತ್ತಿಗೆ ಅವನಿಗೆ ತನ್ನ ಮುಖ ತನಗೇ ಅಸಹ್ಯವಾಗಿತ್ತು. ಒಗೆಯುವ ಮನೆಗೆ ಓಡಿದ. ಬಾಗಿಲಲ್ಲೇ, "ಅಮ್ಮಾ, ನಿನ್ನ ಮೇಲೆ ಕೈ ಮಾಡಿಬಿಟ್ಟೆ ಕಣಮ್ಮ..." ಎಂದ.

ತೊಟ್ಟಿಯೊಳಗಿಂದ ಅವಳು ಗಾಬರಿಯಾಗಿ ಕೈಯಲ್ಲಾಡಿಸಿದಳು. "ಶ್! ಮೆಲ್ಲಗೆ ಮಾತಾಡಪ್ಪ. ಯಾರಾದ್ರೂ ಕೇಳಿಸ್ಕೊಂಡ್ರೆ ನಿನ್ನ ಮರ್ಯಾದೆ ಏನಾಗ್ಬೇಕು?"

ಅದು ಕೊಂಕಾಗಿದ್ದರೆ ಬದುಕಿಕೊಳ್ಳುತ್ತಿದ್ದ, ಪಾಪಿ. ಅವಳು ನಿಜಕ್ಕೂ ಹೆದರಿದ್ದಳು. ಕೆಲಸದವರು ತಿರುಗಿ ನೋಡುತ್ತಲೇ ದನಿ ಏರಿಸಿ, "ಬಟ್ಟೆ ನಾಳೆ ಸಿದ್ಧ ಆಗತ್ತೆ ಬುದ್ಧೀ, ಈಗ ಹೊರಡಿ" ಎಂದಳು.

ಥಾಲಸ್ ಹೊರಟೂ ಬಿಟ್ಟ.